ಕೆಲಸ ಬಿಟ್ಟಿದ್ದಾ, ಬಿಡಿಸಿದ್ದಾ? ಕಾರವಾರದಿಂದ ಶಿರಸಿವರೆಗಿನ ನೌಕರರಿಗೆ ಒಂದು ಮಾರ್ಗದರ್ಶಿ

"ನಾಳೆಯಿಂದ ಬರಬೇಡ" ಎಂದು ಬಾಯಲ್ಲಿ ಹೇಳಿ ಕಳಿಸುತ್ತಾರೆ. ಕಾಗದ ಇಲ್ಲ, ನೋಟಿಸ್ ಇಲ್ಲ. ಎರಡು ತಿಂಗಳು ಅಲ್ಲಿ ಇಲ್ಲಿ ಅಲೆದು ಕೊನೆಗೆ ನೀವು ಲೇಬರ್ ಆಫೀಸಿಗೆ ಹೋದರೆ, ಮಾಲಕರು ಅಲ್ಲಿಗೆ ಬಂದು ಹೇಳುವುದು ಒಂದೇ ಮಾತು: "ನಾವು ತೆಗೆದೇ ಇಲ್ಲ ಸರ್, ಅವನೇ ಬಿಟ್ಟು ಹೋದ."

ಗೋಕರ್ಣದ ರೆಸಾರ್ಟ್ ಇರಲಿ, ಕುಮಟಾದ ಬಟ್ಟೆ ಅಂಗಡಿ ಇರಲಿ, ಕಾರವಾರದ ಐಸ್ ಪ್ಲಾಂಟ್ ಇರಲಿ, ಶಿರಸಿಯ ಅಡಿಕೆ ವಖಾರಿ ಇರಲಿ, ಎಲ್ಲ ಕಡೆ ಜಗಳ ಬಂದು ನಿಲ್ಲುವುದು ಇಲ್ಲೇ. ನೀವು ಬಿಟ್ಟಿರೋ, ಅವರು ಬಿಡಿಸಿದರೋ? ಇದಕ್ಕೆ ಉತ್ತರ ಕೋರ್ಟಿನಲ್ಲಿ ಸಿಗುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಆದರೆ ಆ ಉತ್ತರಕ್ಕೆ ಬೇಕಾದ ಕಾಗದ ತಯಾರಾಗುವುದು ಕೆಲಸ ಹೋದ ಮೊದಲ ವಾರದಲ್ಲಿ. ಆ ವಾರ ನೀವು ಸುಮ್ನೆ ಮನೆಯಲ್ಲಿ ಕೂತರೆ ನಿಮ್ಮ ಮೌನವನ್ನೇ ಅವರು ರಾಜೀನಾಮೆ ಅನ್ನುತ್ತಾರೆ. ಅದಕ್ಕೇ ಈ ಲೇಖನದಲ್ಲಿ ಮೊದಲ ವಾರದ ಬಗ್ಗೆ ಜಾಸ್ತಿ, ಕೋರ್ಟಿನ ಬಗ್ಗೆ ಕಡಿಮೆ ಬರೆದಿದ್ದೇನೆ.

ಇದರಲ್ಲಿ ದುಡ್ಡಿನ ವ್ಯತ್ಯಾಸ ಎಷ್ಟು?

ಕೆಲವು ಹಣ ಹೇಗೂ ನಿಮ್ಮದೇ. ನೀವೇ ಬಿಟ್ಟರೂ, ಅವರು ತೆಗೆದರೂ ಬರಬೇಕು. ದುಡಿದ ದಿನಗಳ ಪಗಾರ, ನಿಮ್ಮ ಪಿಎಫ್, 5 ವರ್ಷ ತುಂಬಿದ್ದರೆ ಗ್ರಾಚುಟಿ, ಅಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಕೆಲಸ ಮುಗಿದಾಗ ಕೊಡುವ ಹಣ. "ರಾಜೀನಾಮೆ ಬರೆದುಕೊಟ್ಟರೆ ಮಾತ್ರ ಪಿಎಫ್ ಸಿಗುತ್ತದೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಕಡೆ ಜನರಿಂದ ರಾಜೀನಾಮೆ ಬರೆಸಿಕೊಳ್ಳಲು ಅತಿ ಹೆಚ್ಚು ಬಳಸುವ ಸುಳ್ಳು ಇದು. ವೇತನ ಸಂಹಿತೆಯ ಪ್ರಕಾರ ಕೆಲಸದಿಂದ ತೆಗೆದರೂ, ರಾಜೀನಾಮೆ ಕೊಟ್ಟರೂ, ಬಾಕಿ ಸಂಬಳವನ್ನು 2 ಕೆಲಸದ ದಿನಗಳ ಒಳಗೆ ಕೊಡಬೇಕು. ಹಳೆಯ 29 ಕಾಯ್ದೆಗಳ ಬದಲಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಇದೂ ಒಂದು, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ.

ವ್ಯತ್ಯಾಸ ಬರುವುದು ಉಳಿದ ಹಣದಲ್ಲಿ. ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನನ್ನು ಕೆಲಸ ಕಡಿಮೆಯಾಯಿತು ಎಂದು ತೆಗೆಯುವುದಾದರೆ ಒಂದು ತಿಂಗಳ ನೋಟಿಸ್ ಅಥವಾ ಒಂದು ತಿಂಗಳ ಸಂಬಳ ಕೊಡಬೇಕು, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ಸಂಬಳ ಪರಿಹಾರ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇದು ಇತ್ತು, ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ತಪ್ಪು ಮಾಡಿದ್ದಾನೆ ಎಂದು ತೆಗೆಯುವುದಾದರೆ ಆರೋಪ ಪತ್ರ ಕೊಟ್ಟು ವಿಚಾರಣೆ ಮಾಡಬೇಕು. ಎರಡೂ ಮಾಡದೆ ತೆಗೆದರೆ ಆ ತೆಗೆದದ್ದೇ ಅಕ್ರಮ. ಆಗ ಕೆಲಸ ವಾಪಸ್ ಕೊಡಿ, ಇಷ್ಟು ದಿನದ ಸಂಬಳ ಕೊಡಿ ಎಂದು ಕೇಳಬಹುದು.

ಒಂದು ಲೆಕ್ಕ ಹಾಕಿ. ಬೇಸಿಕ್, ಡಿಎ ಸೇರಿ ತಿಂಗಳಿಗೆ 13,000 ಇರುವ ಒಬ್ಬರು 8 ವರ್ಷ ದುಡಿದಿದ್ದಾರೆ ಅಂದುಕೊಳ್ಳಿ. ಗ್ರಾಚುಟಿ: 13,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿದರೆ 7,500. ಅದು 8 ವರ್ಷಕ್ಕೆ 60,000. ಇದು ರಾಜೀನಾಮೆ ಕೊಟ್ಟರೂ ಸಿಗುತ್ತದೆ. ತೆಗೆದು ಹಾಕಿದ್ದಾದರೆ ಇದರ ಮೇಲೆ ನೋಟಿಸ್ ಸಂಬಳ 13,000 ಮತ್ತು ವರ್ಷಕ್ಕೆ ಹತ್ತಿರ ಹತ್ತಿರ ಅರ್ಧ ತಿಂಗಳ ಸಂಬಳದಂತೆ 50,000ಕ್ಕೂ ಜಾಸ್ತಿ ಪರಿಹಾರ. ಒಂದು ರಾಜೀನಾಮೆ ಪತ್ರದಿಂದ ಈ ಹಣವೂ ಹೋಗುತ್ತದೆ, ಕೆಲಸ ವಾಪಸ್ ಕೇಳುವ ಹಕ್ಕೂ ಹೋಗುತ್ತದೆ. ಮಾಲಕರು ಆ ಪತ್ರಕ್ಕೆ ಅಷ್ಟು ಒತ್ತಾಯ ಮಾಡುವುದು ಯಾಕೆ ಅಂತ ಈಗ ಅರ್ಥವಾಯಿತಲ್ವಾ?

ಅಂಗಡಿ, ಹೋಟೆಲು, ಆಫೀಸುಗಳಲ್ಲಿ ಇರುವವರಿಗೆ ಇನ್ನೊಂದು ರಕ್ಷಣೆಯೂ ಇದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮಿನಂತೆ 6 ತಿಂಗಳು ಸತತ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯುವಂತಿಲ್ಲ. ವರ್ಷ ತುಂಬದವರು ಇದನ್ನು ನೆನಪಿಟ್ಟುಕೊಳ್ಳಿ.

ಹೆಜ್ಜೆ 1: ಮರುದಿನ ಕೆಲಸಕ್ಕೆ ಹೋಗಿ

"ಬರಬೇಡ ಅಂದಮೇಲೆ ಹೋಗುವುದು ಮರ್ಯಾದೆಯಾ?" ಎಂದು ತುಂಬಾ ಜನ ಕೇಳುತ್ತಾರೆ. ಅವಮಾನ ಆಗುತ್ತದೆ, ನಿಜ. ಆದರೂ ಹೋಗಿ. ಮಾಮೂಲಿ ಹೊತ್ತಿಗೆ, ಯೂನಿಫಾರ್ಮ್ ಇದ್ದರೆ ಅದನ್ನೇ ಹಾಕಿಕೊಂಡು ಹೋಗಿ. ಸಾಧ್ಯವಾದರೆ ಮನೆಯವರನ್ನೋ ಗೆಳೆಯರನ್ನೋ ಕರೆದುಕೊಂಡು ಹೋಗಿ. ಜಗಳ ಮಾಡಬೇಡಿ, ಗಟ್ಟಿಯಾಗಿ ಮಾತಾಡಬೇಡಿ. "ಕೆಲಸಕ್ಕೆ ಬಂದಿದ್ದೇನೆ" ಅಂತಷ್ಟೇ ಹೇಳಿ. ಒಳಗೆ ಬಿಡದಿದ್ದರೆ ಅಲ್ಲಿಂದಲೇ ಮ್ಯಾನೇಜರಿಗೋ ಮಾಲಕರಿಗೋ ವಾಟ್ಸಾಪ್ ಮಾಡಿ: "ಇವತ್ತು ಬೆಳಿಗ್ಗೆ ಇಷ್ಟು ಗಂಟೆಗೆ ಕೆಲಸಕ್ಕೆ ಬಂದೆ. ಗೇಟಿನಲ್ಲಿ ತಡೆದಿದ್ದಾರೆ. ನನಗೆ ಕೆಲಸ ಮಾಡುವ ಇಚ್ಛೆ ಇದೆ. ಏನು ಮಾಡಬೇಕು ತಿಳಿಸಿ." ಇಷ್ಟು ಸಾಕು. ಅವರು ಉತ್ತರ ಕೊಟ್ಟರೂ ನಿಮಗೆ ಪುರಾವೆ, ಕೊಡದಿದ್ದರೂ ಪುರಾವೆ.

ಹಿಂದಿನ ದಿನ ಸಿಟ್ಟಿನಲ್ಲಿ "ನಿಮ್ಮ ಕೆಲಸವೇ ಬೇಡ" ಎಂದು ನೀವೇ ಹೇಳಿದ್ದರೆ, ಅಥವಾ ಗ್ರೂಪಿನಲ್ಲಿ ಮೆಸೇಜ್ ಹಾಕಿ ಹೊರಗೆ ಬಂದಿದ್ದರೆ, ಇನ್ನೂ ಬೇಗ ಹೋಗಬೇಕು. ಸಿಟ್ಟಿನ ಮಾತು ರಾಜೀನಾಮೆಯಾ ಅಲ್ಲವಾ ಎನ್ನುವುದು ನಿಮ್ಮ ನಿಜವಾದ ಉದ್ದೇಶ ಏನಿತ್ತು ಎನ್ನುವುದರ ಮೇಲೆ ನಿಲ್ಲುತ್ತದೆ, ಮತ್ತು ಮರುದಿನವೇ ಕೆಲಸಕ್ಕೆ ಬಂದವನ ಉದ್ದೇಶ ಬಿಡುವುದಾಗಿತ್ತು ಎಂದು ಹೇಳುವುದು ಯಾರಿಗೂ ಸುಲಭ ಅಲ್ಲ. ಹತ್ತು ದಿನ ಬಿಟ್ಟು ಹೋದರೆ ಸುಲಭ.

ಹೆಜ್ಜೆ 2: ಮೂರು ದಿನದ ಒಳಗೆ ಒಂದು ಪತ್ರ

ವಾಟ್ಸಾಪ್ ಒಂದನ್ನೇ ನಂಬಿ ಕೂರಬೇಡಿ. ಕಾಗದದ ಮೇಲೆ ಬರೆದು ಅಂಚೆಯಲ್ಲಿ ಕಳಿಸಿ. ದೊಡ್ಡ ಭಾಷೆ ಬೇಡ, ವಕೀಲರೂ ಬೇಡ. ಹೀಗೆ ಬರೆದರೆ ಆಯಿತು:

"ಇವರಿಗೆ: ಮಾಲಕರು / ವ್ಯವಸ್ಥಾಪಕರು, ……… 
ನಾನು ನಿಮ್ಮಲ್ಲಿ ……… ರಿಂದ ……… ಕೆಲಸ ಮಾಡಿಕೊಂಡು ಬಂದಿದ್ದೇನೆ. ದಿನಾಂಕ ……… ರಂದು ……… ಇವರು ನಾಳೆಯಿಂದ ಕೆಲಸಕ್ಕೆ ಬರಬಾರದೆಂದು ಬಾಯಿಮಾತಿನಲ್ಲಿ ತಿಳಿಸಿದರು. ನನಗೆ ಯಾವ ನೋಟಿಸನ್ನೂ, ಆದೇಶವನ್ನೂ ಕೊಟ್ಟಿಲ್ಲ. ದಿನಾಂಕ ……… ರಂದು ಕೆಲಸಕ್ಕೆ ಹಾಜರಾಗಲು ಬಂದಾಗ ನನ್ನನ್ನು ಒಳಗೆ ಬಿಡಲಿಲ್ಲ. ನಾನು ರಾಜೀನಾಮೆ ಕೊಟ್ಟಿಲ್ಲ, ಕೆಲಸ ಬಿಟ್ಟಿಲ್ಲ, ಬಿಡುವ ಉದ್ದೇಶವೂ ಇಲ್ಲ. ನನ್ನನ್ನು ಕೂಡಲೇ ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂದು, ತೆಗೆದಿದ್ದರೆ ಅದರ ಲಿಖಿತ ಆದೇಶವನ್ನು ಕಾರಣ ಸಹಿತ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನ ಈಗಿನ ವಿಳಾಸ ಮತ್ತು ಫೋನ್: ………"

ಕೊನೆಯ ಸಾಲು, ಅಂದರೆ ಈಗಿನ ವಿಳಾಸ, ಮರೆಯಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಕೆಲಸಕ್ಕೆ ಸೇರುವಾಗ ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡಿದ್ದರೆ ಅದನ್ನೂ ಇದೇ ಪತ್ರದಲ್ಲಿ ಬರೆಯಿರಿ: "ಸೇರುವಾಗ ನನ್ನಿಂದ ಖಾಲಿ ಹಾಳೆಗಳಿಗೆ ಸಹಿ ಪಡೆದಿದ್ದೀರಿ, ಅವನ್ನು ರಾಜೀನಾಮೆಯಾಗಿ ಬಳಸಿದರೆ ನಾನು ಒಪ್ಪುವುದಿಲ್ಲ." ಅವರು ರಾಜೀನಾಮೆ ಪತ್ರ ತೋರಿಸಿದ ಮೇಲೆ ಈ ಮಾತು ಹೇಳಿದರೆ ನೆಪದಂತೆ ಕೇಳುತ್ತದೆ. ತೋರಿಸುವ ಮುಂಚೆಯೇ ಹೇಳಿದ್ದರೆ ಅದಕ್ಕೆ ತೂಕ ಬೇರೆ.

ಕಳಿಸುವುದು ಹೇಗೆ? ಮೊದಲೆಲ್ಲ ರಿಜಿಸ್ಟರ್ಡ್ ಎಡಿ ಅನ್ನುತ್ತಿದ್ದೆವು. 2025ರಲ್ಲಿ ಅದು ಸ್ಪೀಡ್ ಪೋಸ್ಟ್ ಜೊತೆ ಸೇರಿದೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಸ್ಪೀಡ್ ಪೋಸ್ಟಿಗೆ ನೋಂದಣಿಯೂ ಬೇಕು, ಮುಟ್ಟಿದ್ದಕ್ಕೆ ಪುರಾವೆಯೂ ಬೇಕು ಎಂದು ಹೇಳಿ. ಪತ್ರದ ಜೆರಾಕ್ಸ್, ಅಂಚೆ ರಸೀದಿ, ಆನ್‌ಲೈನ್ ಟ್ರ್ಯಾಕಿಂಗಿನ ಪ್ರಿಂಟ್, ಈ ಮೂರನ್ನೂ ಒಟ್ಟಿಗೆ ಪಿನ್ ಮಾಡಿ ಇಡಿ. ರಸೀದಿಯ ಮಸಿ ಮಳೆಗಾಲದ ತೇವಕ್ಕೆ ಬೇಗ ಮಾಸುತ್ತದೆ, ಹಾಗಾಗಿ ಅವತ್ತೇ ಫೋಟೋ ತೆಗೆದಿಡಿ.

ಈಗಾಗಲೇ ರಾಜೀನಾಮೆಗೆ ಸಹಿ ಹಾಕಿಬಿಟ್ಟಿದ್ದರೆ

ಎಲ್ಲ ಮುಗಿಯಿತು ಎಂದು ಕೂರಬೇಡಿ. ಗಲ್ಲಾದಲ್ಲಿ ದುಡ್ಡು ಕಡಿಮೆ ಬಂದಿದೆ, ಬರೆದುಕೊಡದಿದ್ದರೆ ಪೊಲೀಸ್ ಕಂಪ್ಲೇಂಟ್ ಕೊಡುತ್ತೇವೆ ಎಂದು ಹೆದರಿಸಿ ಬರೆಸಿಕೊಳ್ಳುವುದು ಹೊಸದೇನಲ್ಲ. ಹೆದರಿಸಿ ಬರೆಸಿಕೊಂಡ ರಾಜೀನಾಮೆ ರಾಜೀನಾಮೆಯೇ ಅಲ್ಲ. ರಾಜೀನಾಮೆ ಅನ್ನುವುದು ಸ್ವಂತ ಮನಸ್ಸಿನಿಂದ ಬರಬೇಕು. ಆದರೆ ಹೆದರಿಸಿದ್ದರು ಎಂದು ತೋರಿಸುವ ಹೊಣೆ ನಿಮ್ಮ ಮೇಲೆ ಬರುತ್ತದೆ. ಅದಕ್ಕೆ ಇರುವ ಒಳ್ಳೆಯ ಸಾಕ್ಷಿ, ಆ ಕೋಣೆಯಿಂದ ಹೊರಗೆ ಬಂದ ಕೆಲವೇ ಗಂಟೆಗಳಲ್ಲಿ ನೀವು ಬರೆದ ಒಂದು ಸಾಲು. ಮೊದಲು ಮೆಸೇಜ್ ಅಥವಾ ಇಮೇಲ್, ಆಮೇಲೆ ಅಂಚೆ. ಯಾರು ಇದ್ದರು, ಯಾವ ಕೋಣೆ, ಎಷ್ಟು ಹೊತ್ತು ಕೂರಿಸಿದರು, ಯಾವ ಮಾತು ಹೇಳಿ ಹೆದರಿಸಿದರು, ಒಕ್ಕಣೆ ಯಾರು ಹೇಳಿಕೊಟ್ಟರು, ಎಲ್ಲ ಬರೆಯಿರಿ. "ಈ ರಾಜೀನಾಮೆ ನನ್ನ ಇಚ್ಛೆಯಿಂದ ಕೊಟ್ಟದ್ದಲ್ಲ, ಇದನ್ನು ಹಿಂದಕ್ಕೆ ಪಡೆದಿದ್ದೇನೆ" ಎಂದು ಮುಗಿಸಿ. ಒಂದು ತಿಂಗಳು ಬಿಟ್ಟು, ಸೆಟಲ್‌ಮೆಂಟ್ ಹಣ ಪೂರ್ತಿ ತೆಗೆದುಕೊಂಡು, ಆಮೇಲೆ ಒತ್ತಾಯ ಮಾಡಿದ್ದರು ಎಂದರೆ ಅಧಿಕಾರಿಗಳೂ ನಂಬುವುದು ಕಷ್ಟ.

ಪತ್ರವನ್ನೂ ಸರಿಯಾಗಿ ನೋಡಿ. ಏಳನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಅಡುಗೆ ಭಟ್ಟರ ಹೆಸರಿನಲ್ಲಿ ಟೈಪ್ ಮಾಡಿದ ಇಂಗ್ಲಿಷ್ ರಾಜೀನಾಮೆ ಇದ್ದರೆ, "ವೈಯಕ್ತಿಕ ಕಾರಣಗಳಿಂದ" ಎಂದು ಒಂದೇ ಒಕ್ಕಣೆಯಲ್ಲಿ ಐದಾರು ಜನರ ಪತ್ರ ಒಂದೇ ದಿನ ಇದ್ದರೆ, ಸಹಿ ಒಂದು ಪೆನ್ನು ದಿನಾಂಕ ಇನ್ನೊಂದು ಪೆನ್ನು ಆಗಿದ್ದರೆ, ಅದೆಲ್ಲ ನಿಮ್ಮ ಪರವಾದ ಅಂಶ. ಅರ್ಜಿಯಲ್ಲಿ ಬಿಡದೆ ಬರೆಯಿರಿ.

ಸ್ವಂತ ಇಚ್ಛೆಯಿಂದಲೇ ಕೊಟ್ಟು ಆಮೇಲೆ ಮನಸ್ಸು ಬದಲಾಗಿದ್ದರೆ? ಅದಕ್ಕೂ ದಾರಿ ಇದೆ. ರಾಜೀನಾಮೆ ಜಾರಿಗೆ ಬರುವ ದಿನದ ಮುಂಚೆ ಸಾಮಾನ್ಯವಾಗಿ ಅದನ್ನು ಹಿಂದಕ್ಕೆ ಪಡೆಯಬಹುದು. ಬೆಂಗಳೂರಿನ ಭಾರತ್ ಅರ್ಥ್ ಮೂವರ್ಸ್ ಕಂಪನಿಯ ಒಬ್ಬ ಉದ್ಯೋಗಿಯ ಪ್ರಕರಣದಲ್ಲಿ ಕಂಪನಿ ರಾಜೀನಾಮೆಯನ್ನು ಕೂಡಲೇ ಒಪ್ಪಿಕೊಂಡಿತ್ತು, ಆದರೆ ಬಿಡುಗಡೆಗೆ ಕೆಲವು ದಿನ ಮುಂದಿನ ದಿನಾಂಕ ಇತ್ತು, ಆ ಮಧ್ಯದಲ್ಲಿ ಅವರು ರಾಜೀನಾಮೆ ವಾಪಸ್ ಪಡೆದರು. 2005ರಲ್ಲಿ ಸುಪ್ರೀಂ ಕೋರ್ಟ್ ಉದ್ಯೋಗಿಯ ಪರ ತೀರ್ಪು ಕೊಟ್ಟಿತು. ನೋಟಿಸ್ ಅವಧಿ ಓಡುತ್ತಿರುವವರು ಇದನ್ನು ಗಮನಿಸಿ.

ಸೆಟಲ್‌ಮೆಂಟ್ ವೋಚರಿಗೆ ಸಹಿ ಹಾಕುವಾಗಲೂ ಜಾಗ್ರತೆ ಇರಲಿ. ಹಣ ಬೇಕಾಗಿರುತ್ತದೆ, ಬೇಡ ಅನ್ನಲು ಆಗುವುದಿಲ್ಲ, ಮನೆ ಬಾಡಿಗೆ ಕಾಯುವುದಿಲ್ಲ. ಹಣ ತಗೊಳ್ಳಿ. ಆದರೆ "ಪೂರ್ತಿ ಹಣ ಬಂದಿದೆ, ಬೇರೇನೂ ಬಾಕಿ ಇಲ್ಲ" ಎಂದು ಮುದ್ರಿಸಿದ್ದರೆ ಸಹಿಯ ಪಕ್ಕದಲ್ಲೇ "ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ" ಎಂದು ನಿಮ್ಮ ಕೈಬರಹದಲ್ಲಿ ಬರೆದು ಸಹಿ ಹಾಕಿ, ಫೋಟೋ ತೆಗೆಯಿರಿ.

"ಅವನೇ ಬಿಟ್ಟು ಹೋದ" ಎನ್ನುವ ವಾದ

ಇದು ಮಾಲಕರ ಮುಖ್ಯ ಅಸ್ತ್ರ. ಕಾನೂನು ಇಲ್ಲಿ ಕಾರ್ಮಿಕನ ಕಡೆಗೆ ಸಾಕಷ್ಟು ಗಟ್ಟಿಯಾಗಿದೆ. ಕೆಲಸ ತೊರೆಯುವುದು ಉದ್ದೇಶದ ಪ್ರಶ್ನೆ, ಬರೀ ಗೈರುಹಾಜರಿಯಿಂದ ಅದು ಸಾಬೀತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1979ರ ಜಿ.ಟಿ. ಲಾಡ್ ಪ್ರಕರಣದಲ್ಲಿ ಹೇಳಿದೆ. 1993ರ ಡಿ.ಕೆ. ಯಾದವ್ ಪ್ರಕರಣ ಇನ್ನೂ ಮುಖ್ಯ. 8 ದಿನಕ್ಕಿಂತ ಜಾಸ್ತಿ ಗೈರುಹಾಜರಾದರೆ ಕೆಲಸ ತಾನಾಗಿ ಹೋಗುತ್ತದೆ ಎಂಬ ನಿಯಮ ಆ ಕಂಪನಿಯಲ್ಲಿತ್ತು. ವಿಚಾರಣೆ ಮಾಡದೆ, ಅವನ ಮಾತು ಕೇಳದೆ ಹಾಗೆ ಹೆಸರು ಹೊಡೆದು ಹಾಕುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ಕೋರ್ಟ್ ಹೇಳಿತು. ನಿಮ್ಮ ಪರ ವಾದಿಸುವ ವಕೀಲರಿಗೂ ಯೂನಿಯನ್ನಿನವರಿಗೂ ಈ ಹೆಸರು ಹೇಳಿ, ಅವರಿಗೆ ಗೊತ್ತಿರುತ್ತದೆ.

ಹಾಗಾಗಿ ಬುದ್ಧಿವಂತ ಮಾಲಕರು ಏನು ಮಾಡುತ್ತಾರೆ ಎಂದರೆ, ನಿಮ್ಮನ್ನು ಬಾಯಲ್ಲಿ ಕಳಿಸಿ, ಹತ್ತು ದಿನ ಬಿಟ್ಟು "ನೀವು ಹೇಳದೆ ಗೈರುಹಾಜರಾಗಿದ್ದೀರಿ, ಕೂಡಲೇ ಕೆಲಸಕ್ಕೆ ಬನ್ನಿ" ಎಂದು ನಿಮ್ಮ ಹಳೆಯ ವಿಳಾಸಕ್ಕೆ ಪತ್ರ ಹಾಕುತ್ತಾರೆ. ಅದು "ಬಾಗಿಲು ಹಾಕಿದೆ" ಎಂದು ವಾಪಸ್ ಹೋಗುತ್ತದೆ. ಮತ್ತೊಂದು, ಮಗದೊಂದು. ಮೂರು ವಾಪಸ್ ಬಂದ ಲಕೋಟೆ ಅವರ ಫೈಲಿನಲ್ಲಿ ಕೂತುಬಿಟ್ಟರೆ ನಿಮ್ಮ ಕಥೆ ಸೊರಗುತ್ತದೆ. ಈಗಿನ ವಿಳಾಸ ಬರೆಯಿರಿ ಎಂದು ಹೇಳಿದ್ದು ಇದಕ್ಕೇ. ಪೋಸ್ಟ್‌ಮ್ಯಾನ್ ತಂದ ಪತ್ರವನ್ನು ಯಾವತ್ತೂ ಬೇಡ ಅನ್ನಬೇಡಿ. ಬೇಡ ಅಂದರೂ ಮುಟ್ಟಿದಂತೆಯೇ ಲೆಕ್ಕ. ಅಂಥ ಪತ್ರ ಬಂದರೆ ಅದು ನಿಮಗೆ ಒಳ್ಳೆಯದೇ: ಅದನ್ನು ಹಿಡಿದುಕೊಂಡು ಮರುದಿನವೇ ಕೆಲಸಕ್ಕೆ ಹೋಗಿ. ಆಗಲೂ ಒಳಗೆ ಬಿಡದಿದ್ದರೆ, ಕರೆದವರೇ ಬಿಡಲಿಲ್ಲ ಎಂದು ಮತ್ತೆ ಪತ್ರ ಹಾಕಿ.

ನಮ್ಮ ಕರಾವಳಿಯ ಒಂದು ತೊಂದರೆ ಬೇರೆ ಕಡೆಯವರಿಗೆ ಅಷ್ಟಾಗಿ ಅರ್ಥವಾಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವುದಿಲ್ಲ. ಐಸ್ ಪ್ಲಾಂಟು, ಮೀನು ಪ್ಯಾಕಿಂಗ್, ಬಂದರಿನ ಲೋಡಿಂಗ್ ಎಲ್ಲ ತಣ್ಣಗಾಗುತ್ತದೆ. ಗೋಕರ್ಣದ ಬೀಚಿನ ಅಂಗಡಿಗಳೂ ಮಳೆಗೆ ತಟ್ಟಿ ಕಟ್ಟಿ ಮುಚ್ಚುತ್ತವೆ. "ಮಳೆ ಕಳೆದ ಮೇಲೆ ಬಾ" ಎಂದು ಕಳಿಸುತ್ತಾರೆ, ಆಗಸ್ಟಿನಲ್ಲಿ ಹೋದರೆ ಅಲ್ಲಿ ಬೇರೆಯವರು ನಿಂತಿರುತ್ತಾರೆ, "ನೀನು ಬರುತ್ತೀ ಅಂತ ಹೇಳಲಿಲ್ಲವಲ್ಲ" ಅನ್ನುತ್ತಾರೆ. ಇಲ್ಲಿ ಕೆಲಸ ಹೋದ ದಿನ ಯಾವುದು ಎನ್ನುವುದೇ ಗೊಂದಲ. ಇದಕ್ಕೆ ಮೇ ಕೊನೆಯಲ್ಲೇ ಒಂದು ಮೆಸೇಜ್ ಮಾಡಿ ಉತ್ತರ ತಗೊಳ್ಳಿ: "ಸೇಟ್, ಮಳೆಗಾಲಕ್ಕೆ ಬಂದ್ ಅಂದಿದ್ದೀರಿ, ಆಗಸ್ಟ್ 1ಕ್ಕೆ ಬರುತ್ತೇನೆ ಅಲ್ವಾ?" ಅವರು "ಹೂಂ" ಅಂದರೂ ಸಾಕು. ಜುಲೈ ಕೊನೆಗೆ ಇನ್ನೊಂದು ಮೆಸೇಜ್. ಆಗಸ್ಟ್ 1ಕ್ಕೆ ಹೋಗಿ ನಿಲ್ಲಿ.

ಮಳೆಯ ಇನ್ನೊಂದು ಮುಖ ರಸ್ತೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತು. ಮುಂದಿನ ತಿಂಗಳು ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಇಂಥ ಹೊತ್ತಿನಲ್ಲಿ ಕೆಲಸಕ್ಕೆ ಹೋಗಲಾಗದವರು ಮೊದಲ ದಿನವೇ ಫೋಟೋ ಸಮೇತ ತಿಳಿಸಿಬಿಡಬೇಕು. ರಸ್ತೆ ಬಂದ್ ಆದದ್ದು ಪೇಪರಿನಲ್ಲಿ ಬಂದಿರುತ್ತದೆ, ನಿಜ. ಆದರೆ ನೀವು ಬರಲು ಬಯಸಿದ್ದಿರಿ ಎನ್ನುವುದು ಪೇಪರಿನಲ್ಲಿ ಬರುವುದಿಲ್ಲ. ಕಾಯಿಲೆಯಾದರೂ ಹೀಗೇ: ಡಾಕ್ಟರ ಚೀಟಿ ಅವತ್ತೇ ಕಳಿಸಿ.

ಹೆಜ್ಜೆ 3: ಕೆಲಸ ಮಾಡಿದ್ದಕ್ಕೇ ಪುರಾವೆ

ಕೆಲವು ಮಾಲಕರು ಇನ್ನೂ ಮುಂದೆ ಹೋಗಿ "ಇವನು ನಮ್ಮಲ್ಲಿ ಇರಲೇ ಇಲ್ಲ, ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ" ಅನ್ನುತ್ತಾರೆ. ಪರಿಹಾರ ಕೇಳಲು ತೆಗೆಯುವ ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದಿರಬೇಕು. ಅದನ್ನು ತೋರಿಸುವ ಹೊಣೆ ಕಾರ್ಮಿಕನದು, ಬರೀ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ) ಸಾಲದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ನಮ್ಮ ರಾಜ್ಯದ ಅರಣ್ಯ ಇಲಾಖೆಯ ಪ್ರಕರಣದಲ್ಲೇ ಹೇಳಿದೆ. ಸಂಬಳ ಸಹಿತವಾದ ವಾರದ ರಜೆ, ಹಬ್ಬದ ರಜೆ ಕೂಡ ಈ 240ರ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಆಗಸ್ಟಿನಿಂದ ಮೇವರೆಗೆ ದಿನವೂ ದುಡಿದವರು "ನಮ್ಮದು ಸೀಸನ್ ಕೆಲಸ, ನಮಗೇನೂ ಸಿಗುವುದಿಲ್ಲ" ಎಂದು ತಾವೇ ತೀರ್ಮಾನ ಮಾಡಬೇಡಿ, ದಿನ ಎಣಿಸಿ ನೋಡಿ.

ಪುರಾವೆ ಎಲ್ಲಿ ಸಿಗುತ್ತದೆ? ಸಂಬಳ ಜಮಾ ಆದ ಬ್ಯಾಂಕ್ ಪಾಸ್‌ಬುಕ್. ಕೈಗೆ ದುಡ್ಡು ಕೊಡುವ ಕಡೆ ಫೋನ್‌ಪೇ, ಗೂಗಲ್‌ಪೇ ದಾಖಲೆ. ಪಿಎಫ್ ಪಾಸ್‌ಬುಕ್, ಇಎಸ್‌ಐ ವಂತಿಗೆಯ ವಿವರ. ಡ್ಯೂಟಿ ಚಾರ್ಟ್ ಹಾಕುವ ವಾಟ್ಸಾಪ್ ಗ್ರೂಪ್. ನಿಮ್ಮ ಸಹಿ ಇರುವ ಬಿಲ್ಲು, ಗೇಟ್ ಪಾಸು, ಸಂಸ್ಥೆಯ ಹೆಸರಿರುವ ಅಂಗಿ ಹಾಕಿದ ಫೋಟೋ. ಕೆಲಸದಿಂದ ತೆಗೆದ ಕೂಡಲೇ ಗ್ರೂಪಿನಿಂದಲೂ ತೆಗೆಯುತ್ತಾರೆ, ಅದಕ್ಕೆ ಚಾಟನ್ನು ಅವತ್ತೇ ಎಕ್ಸ್‌ಪೋರ್ಟ್ ಮಾಡಿ ಇಮೇಲಿಗೆ ಹಾಕಿಕೊಳ್ಳಿ. ಸ್ಕ್ರೀನ್‌ಶಾಟ್ ಇದೆ ಎಂದು ಹಳೆ ಫೋನ್ ಮಾರಬೇಡಿ. ಡಿಜಿಟಲ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಆಗ ಮೂಲ ಫೋನ್ ಕೈಯಲ್ಲಿದ್ದರೆ ಒಳ್ಳೆಯದು.

ಪಿಎಫ್ ಪೋರ್ಟಲಿಗೆ ಹೋಗಿ ನಿಮ್ಮ ಸೇವಾ ವಿವರವನ್ನೂ ನೋಡಿ. ಕೆಲಸ ಬಿಟ್ಟ ದಿನಾಂಕವನ್ನು ಅವರು ಯಾವಾಗ ಎಂದು ಹಾಕಿದ್ದಾರೆ? ಗೇಟಿನಲ್ಲಿ ತಡೆದ ದಿನಕ್ಕೂ ಅದಕ್ಕೂ ತಾಳೆಯಾಗದಿದ್ದರೆ, ಅಥವಾ ಒಂದು ಕಡೆ ಕೆಲಸಕ್ಕೆ ಬನ್ನಿ ಎಂದು ಪತ್ರ ಬರೆಯುತ್ತಾ ಇನ್ನೊಂದು ಕಡೆ ಇಲ್ಲಿ ಹೆಸರು ಮುಚ್ಚಿದ್ದರೆ, ಆ ಪುಟದ ಪ್ರಿಂಟ್ ನಿಮಗೆ ದೊಡ್ಡ ಬಲ.

ಹೆಜ್ಜೆ 4: ಯಾವ ಬಾಗಿಲು?

ತಪ್ಪು ಕಚೇರಿಗೆ ಅಲೆದು ವರ್ಷ ಕಳೆದವರು ಇದ್ದಾರೆ. ಆದ್ದರಿಂದ ಇದನ್ನು ನಿಧಾನವಾಗಿ ಓದಿ.

ಖಾಸಗಿ ಕಾರ್ಖಾನೆ, ಹೋಟೆಲು, ಅಂಗಡಿ, ಆಸ್ಪತ್ರೆ, ಸಾರಿಗೆ ಇವುಗಳ ಕಾರ್ಮಿಕರು ಕಾರವಾರದ ಜಿಲ್ಲಾ ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಡಬೇಕು. ತಾಲೂಕಿನ ಕಾರ್ಮಿಕ ನಿರೀಕ್ಷಕರ ಬಳಿಯೂ ಮೊದಲು ವಿಚಾರಿಸಬಹುದು. ಒಬ್ಬರೇ ಇದ್ದರೂ, ಯೂನಿಯನ್ ಇಲ್ಲದಿದ್ದರೂ ಅರ್ಜಿ ಕೊಡುವ ಹಕ್ಕಿದೆ. ಮ್ಯಾನೇಜರ್ ಮಟ್ಟದವರು ಇದರಲ್ಲಿ ಬರುವುದಿಲ್ಲ. ಸೂಪರ್‌ವೈಸರ್ ಕೆಲಸ ಮಾಡುವವರಿಗೆ ಹೊಸ ಸಂಹಿತೆಯಲ್ಲಿ ತಿಂಗಳಿಗೆ 18,000 ಸಂಬಳದ ಮಿತಿ ಇದೆ, ಅದಕ್ಕಿಂತ ಜಾಸ್ತಿ ಇದ್ದರೆ ಅವರೂ ಬರುವುದಿಲ್ಲ. ಆದರೆ ಹುದ್ದೆಯ ಹೆಸರಿಗೆ ಹೆದರಬೇಡಿ. ಕಾರ್ಡಿನಲ್ಲಿ "ಫ್ಲೋರ್ ಮ್ಯಾನೇಜರ್" ಅಂತಿದ್ದು ದಿನವಿಡೀ ಬಟ್ಟೆ ಮಡಚುವ ಕೆಲಸ ಇದ್ದರೆ ನೋಡುವುದು ಕೆಲಸವನ್ನು, ಕಾರ್ಡನ್ನಲ್ಲ.

ಸಹಕಾರಿ ಸಂಘದ ನೌಕರರಿಗೆ ಬೇರೆ ದಾರಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸೊಸೈಟಿಗಳಲ್ಲಿ ಕೆಲಸ ಮಾಡುವವರು ಬಹಳ ಇದ್ದಾರೆ, ಅವರೇ ಇದರಲ್ಲಿ ಹೆಚ್ಚು ಎಡವುವುದು. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಂತೆ ಈ ವಿವಾದ ಸಹಕಾರ ಇಲಾಖೆಯ ನಿಬಂಧಕರ ಮುಂದೆ ಹೋಗಬೇಕು. ಕಾರ್ಮಿಕ ನ್ಯಾಯಾಲಯಕ್ಕೆ ಅಧಿಕಾರ ಇಲ್ಲ ಎಂದು ವಿಜಯಪುರದ ಹಾಲು ಒಕ್ಕೂಟದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಸ್ಪಷ್ಟ ಮಾಡಿದೆ.

ಖಾಸಗಿ ಶಾಲೆಯ ಶಿಕ್ಷಕರು ಕಾನೂನಿನ ಲೆಕ್ಕದಲ್ಲಿ ಕಾರ್ಮಿಕರಲ್ಲ. ಅವರು ಕರ್ನಾಟಕ ಶಿಕ್ಷಣ ಕಾಯ್ದೆಯ 94ನೇ ಕಲಮಿನಡಿ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು, ಅದೂ 3 ತಿಂಗಳ ಒಳಗೆ.

ಕೈಗಾ, ನೌಕಾನೆಲೆ, ಕೊಂಕಣ ರೈಲ್ವೆಯಂಥ ಕಡೆ ಗುತ್ತಿಗೆದಾರರ ಕೆಳಗೆ ದುಡಿಯುವವರಿಗೆ ರಾಜ್ಯದ ಕಚೇರಿ ಅಲ್ಲ, ಕೇಂದ್ರ ಕಾರ್ಮಿಕ ಆಯುಕ್ತರ ವ್ಯವಸ್ಥೆ. ಸಮಾಧಾನ್ ಎನ್ನುವ ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು. ಕಾರವಾರದಿಂದ ದಿನಾ ಗೋವಾಕ್ಕೆ ಹೋಗಿ ಬರುವವರು ಸಾಮಾನ್ಯವಾಗಿ ಗೋವಾದ ಕಾರ್ಮಿಕ ಇಲಾಖೆಗೇ ಹೋಗಬೇಕಾಗುತ್ತದೆ, ಮನೆ ಇಲ್ಲಿದೆ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಎಷ್ಟು ದಿನದ ಒಳಗೆ? ಹಳೆಯ ಕಾಯ್ದೆಯಲ್ಲಿ 3 ವರ್ಷ ಇತ್ತು. ಹೊಸ ಸಂಹಿತೆಯಲ್ಲಿ ವಿವಾದ ಹುಟ್ಟಿ 2 ವರ್ಷ ಆದ ಮೇಲೆ ಅಧಿಕಾರಿ ಸಂಧಾನ ನಡೆಸುವಂತಿಲ್ಲ. ನನ್ನ ಮಾತು ಕೇಳುವುದಾದರೆ ಒಂದು ತಿಂಗಳ ಒಳಗೆ ಅರ್ಜಿ ಹಾಕಿ. ತಡ ಮಾಡಿದಷ್ಟೂ ಸಾಕ್ಷಿ ಹೇಳುವ ಸಹೋದ್ಯೋಗಿಗಳು ಊರು ಬಿಟ್ಟಿರುತ್ತಾರೆ.

ಹೆಜ್ಜೆ 5: ಸಂಧಾನದ ದಿನ

ಅರ್ಜಿ ಕೊಟ್ಟ ಮೇಲೆ ಕಾರ್ಮಿಕ ಅಧಿಕಾರಿ ಎರಡೂ ಕಡೆಯವರನ್ನು ಕರೆಸಿ ರಾಜಿಗೆ ಮಾತಾಡಿಸುವುದೇ ಸಂಧಾನ. ಇಲ್ಲಿ ಮಾಲಕರು ಹೇಳುವ ಒಂದು ಮಾತಿಗೆ ತುಂಬಾ ಜನ ಬೀಳುತ್ತಾರೆ: "ನಾವು ತೆಗೆದಿಲ್ಲ, ನಾಳೆಯೇ ಬರಲಿ, ಬೇಕಾದರೆ ಕೆಲಸ ಕೊಡುತ್ತೇವೆ." ನೀವು ಸಿಟ್ಟಿನಿಂದ "ಇನ್ನು ಅಲ್ಲಿಗೆ ಕಾಲಿಡುವುದಿಲ್ಲ" ಅಂದಿರೋ, ಮುಗಿಯಿತು. ಅಧಿಕಾರಿ ಅದನ್ನೇ ಬರೆದುಕೊಳ್ಳುತ್ತಾರೆ, ಕೆಲಸ ಬೇಡ ಅಂದವರು ನೀವೇ ಆಗುತ್ತೀರಿ. ಅಲ್ಲಿ ಹೇಳಬೇಕಾದ್ದು: "ಬರುತ್ತೇನೆ ಸರ್. ಯಾವ ದಿನ, ಯಾವ ಹೊತ್ತಿಗೆ, ಯಾವ ಕೆಲಸಕ್ಕೆ, ಯಾವ ಸಂಬಳಕ್ಕೆ ಎಂದು ಬರೆದುಕೊಡಲಿ. ನಡುವಿನ ದಿನಗಳ ಸಂಬಳದ ಹಕ್ಕನ್ನು ಉಳಿಸಿಕೊಂಡು ಹೋಗುತ್ತೇನೆ." ಇದನ್ನು ದಾಖಲು ಮಾಡಿಸಿ. ಹೇಳಿದ ದಿನ ಹೋಗಿ. ಹಳೆ ಕೆಲಸ ಕೊಡದೆ ಶೌಚಾಲಯ ತೊಳೆಯಲು ಹಾಕಿದರೆ, ಕಾರವಾರದವರನ್ನು ಭಟ್ಕಳದ ಶಾಖೆಗೆ ಕಳಿಸಿದರೆ, ಅವತ್ತೇ ಸಂಜೆ ಅಧಿಕಾರಿಗೆ ಲಿಖಿತವಾಗಿ ತಿಳಿಸಿ.

ಸಂಧಾನ 45 ದಿನದಲ್ಲಿ ಮುಗಿಯಬೇಕು. ರಾಜಿಯಾಗದಿದ್ದರೆ ಅಧಿಕಾರಿಯ ವರದಿ ಕೈಸೇರಿದ 90 ದಿನದ ಒಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ನಮ್ಮ ಜಿಲ್ಲೆಯ ಪ್ರಕರಣಗಳು ಇಷ್ಟು ವರ್ಷ ಹೋಗುತ್ತಿದ್ದದ್ದು ಹುಬ್ಬಳ್ಳಿಯ ಕಾರ್ಮಿಕ ನ್ಯಾಯಾಲಯಕ್ಕೆ, ಮೇಲೆ ಹೈಕೋರ್ಟಿನ ಧಾರವಾಡ ಪೀಠ. ಕರಾವಳಿಯಿಂದ ಘಟ್ಟ ಹತ್ತಿ ವಾಯಿದೆಗೆ ಅಲೆಯುವುದು ದುಡಿದು ತಿನ್ನುವವರಿಗೆ ಸಣ್ಣ ಖರ್ಚಲ್ಲ. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಕೈಗಾರಿಕಾ ಕಾರ್ಮಿಕರಿಗೂ, ಮಹಿಳೆಯರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ ಉಚಿತ ವಕೀಲರ ನೆರವು ಇದೆ. 15100ಕ್ಕೆ ಕರೆ ಮಾಡಿ, ಅಥವಾ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ.

ಕೇಸ್ ನಡೆಯುವಾಗ ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಬಹುದಾ? ಮಾಡಿ. ಆದರೆ ಮುಚ್ಚಿಡಬೇಡಿ. ಹಿಂದಿನ ಸಂಬಳ ಕೇಳುವಾಗ ಬೇರೆ ದುಡಿಮೆ ಇತ್ತಾ ಎಂದು ಕೇಳುತ್ತಾರೆ, ಅಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಉಳಿದ ಸತ್ಯಕ್ಕೂ ಬೆಲೆ ಹೋಗುತ್ತದೆ.

ಸಣ್ಣ ಮಾಲಕರಿಗೆ ಎರಡು ಮಾತು

ನಾಲ್ಕೈದು ಜನರನ್ನು ಇಟ್ಟುಕೊಂಡು ಅಂಗಡಿ ನಡೆಸುವವರಿಗೂ ಅನ್ಯಾಯ ಆಗುತ್ತದೆ. ದೀಪಾವಳಿ ಸೀಸನ್ನಿನಲ್ಲಿ ಹೇಳದೆ ಕೇಳದೆ ಹುಡುಗ ಗೋವಾಕ್ಕೆ ಹೋಗಿರುತ್ತಾನೆ, ಆರು ತಿಂಗಳಿಗೆ ನೋಟಿಸ್ ಬರುತ್ತದೆ. ನಿಜವಾಗಿ ಬಿಟ್ಟು ಹೋಗಿದ್ದರೆ ಎರಡನೇ ದಿನ ಮೆಸೇಜ್ ಮಾಡಿ, ವಾರದೊಳಗೆ ಅವನಿಗೆ ಮುಟ್ಟುವ ವಿಳಾಸಕ್ಕೆ ಪತ್ರ ಹಾಕಿ, ಬಂದರೆ ಕೆಲಸ ಕೊಡಿ. ಬರದಿದ್ದರೆ ಚಿಕ್ಕದಾದರೂ ಒಂದು ವಿಚಾರಣೆ ಮಾಡಿ ಬರೆದಿಡಿ. ತೆಗೆಯಲೇಬೇಕಾದರೆ ನೋಟಿಸ್ ಸಂಬಳ, ಪರಿಹಾರ ಎಣಿಸಿ ಬ್ಯಾಂಕಿಗೆ ಹಾಕಿ ತೆಗೆಯಿರಿ. ರಾಜೀನಾಮೆ ಬರೆಸಿಕೊಂಡು ಉಳಿಸಿದ ದುಡ್ಡು ಮುಂದೆ ಹುಬ್ಬಳ್ಳಿ ಓಡಾಟದಲ್ಲಿ ಹೋಗುತ್ತದೆ.

ರಾಜಿ ಆಗುವುದಾದರೆ

ಹೆಚ್ಚಿನವು ರಾಜಿಯಲ್ಲೇ ಮುಗಿಯುತ್ತವೆ, ಅದರಲ್ಲಿ ತಪ್ಪೇನೂ ಇಲ್ಲ. ಕೋರ್ಟುಗಳೂ ಈಗೀಗ ಕೆಲಸ ವಾಪಸ್ ಕೊಡಿಸುವ ಬದಲು ಒಂದು ಮೊತ್ತ ಕೊಡಿಸುವುದು ಜಾಸ್ತಿ. ಆದರೆ ರಾಜಿ ಆಗುವುದು ಅಧಿಕಾರಿಯ ಮುಂದೆಯೇ ಆಗಲಿ, ಹೊರಗೆ ಚಹಾ ಅಂಗಡಿಯಲ್ಲಿ ಬೇಡ. ಗ್ರಾಚುಟಿ ಬೇರೆ, ಪರಿಹಾರ ಬೇರೆ, ಬಾಕಿ ಸಂಬಳ ಬೇರೆ ಎಂದು ಒಂದೊಂದಾಗಿ ಮೊತ್ತ ಬರೆಸಿ. "ಎಲ್ಲ ಸೇರಿ ಇಷ್ಟು" ಅಂದರೆ ಗ್ರಾಚುಟಿಯನ್ನೇ ಪರಿಹಾರ ಅಂತ ಕೊಟ್ಟು ಕೈತೊಳೆದಿರುತ್ತಾರೆ. ಹಣ ಯಾವ ದಿನಾಂಕದೊಳಗೆ ಬ್ಯಾಂಕಿಗೆ ಬರಬೇಕು ಎಂದು ಇರಲಿ, ಚೆಕ್ ಆದರೆ ನಂಬರ್ ಇರಲಿ. ಪಿಎಫ್ ಪೋರ್ಟಲಿನಲ್ಲಿ ಕೊನೆಯ ದಿನಾಂಕ ಸರಿಮಾಡುವುದು, ಅನುಭವ ಪತ್ರ ಕೊಡುವುದು, ಗಲ್ಲಾದ ಆರೋಪ ಹೊರಿಸಿದ್ದರೆ ಅದನ್ನು ಹಿಂದಕ್ಕೆ ಪಡೆಯುವುದು, ಇವೂ ಅದೇ ಕಾಗದದಲ್ಲಿ ಬರಲಿ. ಓದಲು ಬಾರದ ಭಾಷೆಯಲ್ಲಿದ್ದರೆ ಕನ್ನಡದಲ್ಲಿ ಬರೆಸಿಕೊಡಿ ಎಂದು ಕೇಳಿ, ಸಹಿ ಆದ ಪ್ರತಿಯನ್ನು ಕೈಗೆ ತಗೊಂಡೇ ಆಫೀಸಿನಿಂದ ಹೊರಡಿ.